ಟಿಂಗ್ ಎನ್ನುವ ಹಲ್ಲಿ

ತುಂಗಮ್ಮನ ಮನೆಯಲ್ಲಿ ಯಾರು ಏನೇ ಹೇಳಲಿ, ಗೋಡೆಯ ಹಲ್ಲಿ ಲೊಚಗುಟ್ಟಿದರೆ ಮಾತ್ರ ಅದು ಸತ್ಯ. ಆಕೆ "ಕೃಷ್ಣ ಕೃಷ್ಣ" ಎಂದು ನೆಲ ತಟ್ಟಿದರೆ ಮಾತು ಮುಗಿಯಿತು. ಊರೆಲ್ಲ ಮೊಬೈಲ್ ಹಿಡಿದರೂ "ನನಗೆ ನನ್ನ ಹಲ್ಲಿ ಸಾಕು" ಎನ್ನುತ್ತಿದ್ದವಳು, ಎಪ್ಪತ್ತು ದಾಟಿದ ಮೇಲೆ ಒಂದು ಮೊಬೈಲ್ ಕೊಂಡಳು. ಕೊಂಡವಳು ಗೋಡೆಯತ್ತ ನೋಡುವುದನ್ನೇ ಬಿಟ್ಟಳು. ಹಲ್ಲಿಗೆ ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ಬಂದ ಮೆಸೇಜನ್ನು ತುಂಗಮ್ಮ ಗಟ್ಟಿಯಾಗಿ ಓದಿದಳು: "ಮೆಂತ್ಯ ಅರೆದು ನೆತ್ತಿಗೆ ಮೆತ್ತಿಕೊಂಡರೆ ಬಿದ್ದ ಹಲ್ಲು ಮತ್ತೆ ಹುಟ್ಟುತ್ತದೆ." ಬೊಚ್ಚುಬಾಯಿಯ ಆಕೆಗೆ ಆಸೆಯೂ ಆಯಿತು, ಅನುಮಾನವೂ ಬಂತು. ಬಹಳ ದಿನದ ಮೇಲೆ ತಲೆಯೆತ್ತಿ ಹಲ್ಲಿಯನ್ನು ನೋಡಿದಳು.

"ಈಗ ನಾನು ಬೇಕಾದೆನೇ?" ಎಂದುಕೊಂಡ ಹಲ್ಲಿ ಬಾಯಿ ಬಿಗಿದು ಕೂತಿತು. ಅಷ್ಟರಲ್ಲಿ ಮೊಬೈಲೇ "ಟಿಂಗ್" ಎಂದಿತು.

"ಕೃಷ್ಣ ಕೃಷ್ಣ! ಹಾಗಾದರೆ ನಿಜವೇ!" ತುಂಗಮ್ಮ ನೆಲ ತಟ್ಟಿ, ಮೆಂತ್ಯ ಅರೆಯಲು ಒಳಗೆ ಹೋದಳು.

ಹಲ್ಲಿ ಗುಡುಗಿತು: "ಎಲವೋ, ನಿನ್ನೆ ಮೊನ್ನೆ ಬಂದವನೇ! ಸುಳ್ಳಿಗೆ ಸಾಕ್ಷಿ ನುಡಿಯಲು ನಾಚಿಕೆಯಾಗಲಿಲ್ಲವೇ?"

"ಸಾಕ್ಷಿಯೇ? ಚಾರ್ಜು ಮುಗಿಯುತ್ತ ಬಂತು, ಅದಕ್ಕೆ ಕೂಗಿಕೊಂಡೆ," ಎಂದಿತು ಮೊಬೈಲು. "ಇಷ್ಟು ವರ್ಷ ತಾವು ಲೊಚಗುಟ್ಟಿದ್ದೆಲ್ಲ ಸತ್ಯಕ್ಕೇ ತಾನೇ?"

ಹಲ್ಲಿ ಅತ್ತಿತ್ತ ನೋಡಿ ದನಿ ತಗ್ಗಿಸಿತು: "ನೊಣ ಕಂಡರೆ ಹಾಗೆ ಸದ್ದು ಬರುತ್ತದಪ್ಪ. ಅಮ್ಮನಿಗೆ ಹೇಳಬೇಡ."

ಉತ್ತರ ಕೊಡುವ ಮೊದಲೇ ಮೊಬೈಲು ಕಣ್ಣು ಮುಚ್ಚಿತು. ತುಂಗಮ್ಮ ನೆತ್ತಿಯ ಮೇಲೆ ಮೆಂತ್ಯ ಹೊತ್ತು ಹೊರಬಂದಳು. ಮೆಂತ್ಯದ ಮೇಲೊಂದು ದಪ್ಪ ನೊಣ ಬಂದು ಕೂತಿತು. ಹಲ್ಲಿಗೆ ತಡೆಯಲಾಗಲಿಲ್ಲ.

"ಲೊಚ್ ಲೊಚ್."

"ಕೃಷ್ಣ ಕೃಷ್ಣ!" ತುಂಗಮ್ಮ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಇಬ್ಬರೂ ಒಪ್ಪಿದರು!"