ಅಂಗೈಯ ಕಲೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಕ್ರೈಸ್ತ ಆಶ್ರಮವಿತ್ತು. ಸಮಾಧಾನಪ್ಪ ಅಯ್ಯನವರು ಅಲ್ಲಿಯ ಗುರುಗಳು. ಸತ್ಯಮಿತ್ರನೆಂಬ ಶಿಷ್ಯ ಮೂರು ವರ್ಷದಿಂದ ಅವರಲ್ಲಿ ಸತ್ಯವೇದ ಓದುತ್ತಿದ್ದ.

ದೇವರು ಮನುಷ್ಯನಾದದ್ದೇಕೆ, ಶಿಲುಬೆಗೇರಿದ್ದೇಕೆ, ಮೂರನೆಯ ದಿನ ಎದ್ದದ್ದು ನಿಜವೇ? ಯಾರು ಏನೇ ಕೇಳಲಿ, ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಆಶ್ರಮದ ಬೇವಿನ ಮರದ ಕೆಳಗೆ ಊರಿನ ಮಾರ್ತವ್ವ ಎಂಬಾಕೆ ಕೂತು ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತಿದ್ದಳು. ಚಿಕ್ಕಂದಿನಿಂದಲೂ ಅವಳ ಕಣ್ಣು ಮಂಜು. ಎದುರಿಗೆ ನಿಂತವರು ಹೊಗೆಯಂತೆ ಕಾಣುತ್ತಿದ್ದರು. ಬೆರಳಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅವಳ ಸೂಜಿಗೆ ದಾರ ಪೋಣಿಸಿಕೊಡುವುದು ಸತ್ಯಮಿತ್ರನ ಕೆಲಸ.

ಅವಳ ಒಬ್ಬಳೇ ಮಗಳು ಸಲೋಮಿ ಏಳು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಆ ಮಗುವಿನ ಹಳದಿ ಲಂಗವನ್ನು ಮಾರ್ತವ್ವ ಈ ಕೌದಿಯ ನಟ್ಟನಡುವೆ ಇಟ್ಟು ಹೊಲಿಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕೇಳಿದಳು: "ತಮ್ಮಾ, ಕಡೀ ದಿನ ಸತ್ತವರೆಲ್ಲ ಎದ್ದು ಬರತಾರ ಅಂತೀಯಲ್ಲ, ಖರೇನ?"

"ಖಂಡಿತ, ಮಾರ್ತವ್ವ. ಯೇಸುಸ್ವಾಮಿ ಎದ್ದರಲ್ಲ, ನಾವೂ ಏಳುತ್ತೇವೆ. ಬರೀ ಆತ್ಮವಲ್ಲ, ದೇಹ ಸಹಿತ."

"ಅಷ್ಟು ನಾನೂ ನಂಬೀನಿ. ನನ್ನ ಸಲೋಮಿ ಅಂಗೈಯಾಗ ಒಂದು ಸುಟ್ಟ ಕಲೆ ಇತ್ತು. ಅದೂ ಇರತದೇನು?"

"ಇಲ್ಲವ್ವಾ. ಅದು ಮಹಿಮೆಯ ದೇಹ. ಕಲೆ, ಕುಂದು ಯಾವುದೂ ಇರುವುದಿಲ್ಲ."

ಒಳ್ಳೆಯ ಸುದ್ದಿ ಹೇಳಿದೆನೆಂದೇ ಅವನು ತಿಳಿದಿದ್ದ. ಮಾರ್ತವ್ವನ ಸೂಜಿ ನಿಂತಿತು.

"ಹಂಗಾದ್ರ ಆಕಿನ್ನ ನಾ ಗುರುತು ಹಿಡಿಯೂದು ಹ್ಯಾಂಗೋ?"

"ಅಲ್ಲಿ ನಿನಗೆ ಹೊಸ ಕಣ್ಣು ಬರುತ್ತದೆ."

"ಹೊಸ ಕಣ್ಣಿಗೆ ನನ್ನ ಮಗಳ ಮುಖ ಗೊತ್ತದೇನು?"

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಸತ್ಯಮಿತ್ರ ಗುರುಗಳ ಹತ್ತಿರ ಹೋದ. "ನಾನು ಹೇಳಿದ್ದರಲ್ಲಿ ತಪ್ಪೇನಿದೆ, ಗುರುಗಳೇ?"

"ಆ ಕಲೆ ಹ್ಯಾಂಗಾತು ಅಂತ ಕೇಳಿದೇನು?"

"ಇಲ್ಲ."

"ಕೇಳಿಕೊಂಡು ಬಾ."

ಮಾರ್ತವ್ವ ತನ್ನ ಮನೆಯ ಹೊಸ್ತಿಲ ಮೇಲೆ ಬರಿಗೈಯಲ್ಲಿ ಕೂತಿದ್ದಳು. ಸತ್ಯಮಿತ್ರ ಕಲೆಯ ಮಾತೆತ್ತಿದ.

"ಮೂರು ವರ್ಷದ ಕೂಸು. ಕಾದ ರೊಟ್ಟಿ ಹಂಚಿನ ಮ್ಯಾಲೆ ಕೈ ಇಟ್ಟಿತು. ಬಾಜೂಕ ಕೂತಿದ್ದೆ, ನನಗ ಕಾಣಲಿಲ್ಲ. ಆಮ್ಯಾಲೆ ಅದೇ ಕೈಲೆ ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚತಿತ್ತು. ಯಾರು ಹೇಳು, ಅಂತಿತ್ತು. ದನಿ ಬ್ಯಾರೆ ಮಾಡತಿತ್ತು, ಕಳ್ಳಿ! ಕಾಣದ ಕಣ್ಣು ಯಾಕ ಮುಚ್ಚತೀಯೇ ಅಂತ ನಾ ಬೈತಿದ್ದೆ. ಅಂಗೈ ಸವರಿ, ಸಲೋಮಿ ಅಂತಿದ್ದೆ. ನಗತಿತ್ತು."

ಸತ್ಯಮಿತ್ರ ಹಿಂತಿರುಗಿ ಕೇಳಿದ್ದನ್ನೆಲ್ಲ ಗುರುಗಳಿಗೆ ಒಪ್ಪಿಸಿದ. ಅವನು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ.

ಹಿಂದಿನಿಂದ ಎರಡು ಕೈಗಳು ಬಂದು ಅವನ ಕಣ್ಣು ಮುಚ್ಚಿದವು.

"ಯಾರು ಹೇಳು?"

"ನೀವೇ, ಗುರುಗಳೇ."

"ಹ್ಯಾಂಗ ತಿಳೀತು?"

"ನಿಮ್ಮ ತೋರುಬೆರಳು ಅರ್ಧವೇ ಇದೆಯಲ್ಲ." ಕಬ್ಬಿನ ಗಾಣಕ್ಕೆ ಸಿಕ್ಕಿ ಹೋದ ಬೆರಳು ಅದು.

ಅಯ್ಯನವರು ಕೈ ತೆಗೆದು ಪಕ್ಕದಲ್ಲಿ ಕೂತರು. "ಯೇಸುಸ್ವಾಮಿ ಎದ್ದ ದಿನ ಸಂಜೆ, ಶಿಷ್ಯರು ಬಾಗಿಲು ಹಾಕ್ಕೊಂಡು ಕೂತಿದ್ದರು. ಸ್ವಾಮಿ ನಡುವೆ ಬಂದು ನಿಂತು ಏನು ತೋರಿಸಿದರು?"

"ತಮ್ಮ ಕೈ..." ಸತ್ಯಮಿತ್ರನ ನಾಲಿಗೆ ಅಲ್ಲಿಗೇ ನಿಂತಿತು.

"ಸಾವನ್ನ ಗೆದ್ದವರಿಗೆ ಮೊಳೆ ಗಾಯ ಮಾಯಿಸಿಕೊಳ್ಳಲಿಕ್ಕೆ ಆಗತಿರಲಿಲ್ಲೇನು?"

ಹೊಳೆ ಹರಿಯುತ್ತಿತ್ತು. ಶಿಷ್ಯ ಮೆಲ್ಲಗೆ ಅಂದ: "ಆದರೆ ಗುರುಗಳೇ, ಅದು ಲೋಕದ ಪಾಪ ಹೊತ್ತ ಗಾಯ. ಇದು ರೊಟ್ಟಿ ಹಂಚಿನ ಗಾಯ. ಎರಡೂ ಒಂದೇ ಹೇಗಾದೀತು?"

"ಒಂದೇ ಅಂತ ನಾ ಅಂದಿಲ್ಲ. ಇರೂದೇ ಇಲ್ಲ ಅಂತ ನೀ ಅಂದಿ. ನಿನಗ ಯಾರು ಹೇಳಿದರು?"

ಮರುದಿನ ಬೆಳಿಗ್ಗೆ ಸತ್ಯಮಿತ್ರ ಸೂಜಿಗೆ ದಾರ ಪೋಣಿಸಿ, ಕೌದಿ ಹೆಗಲ ಮೇಲೆ ಹಾಕಿಕೊಂಡು ಮಾರ್ತವ್ವನ ಮನೆಗೆ ಹೋದ.

"ಅವ್ವಾ, ನನಗೆ ಗೊತ್ತಿಲ್ಲದ್ದನ್ನು ಹೇಳಿಬಿಟ್ಟೆ. ಗೊತ್ತಿರುವುದು ಇಷ್ಟೇ. ಯೇಸುಸ್ವಾಮಿ ಎದ್ದು ಬಂದಾಗ ಅವರ ಕೈಯಲ್ಲಿ ಗಾಯದ ಗುರುತು ಉಳಿದಿತ್ತು. ನಂಬದೆ ಇದ್ದ ತೋಮನಿಗೆ, ಮುಟ್ಟಿ ನೋಡು ಅಂದರು."

"ಮುಟ್ಟಿ ನೋಡು ಅಂದರೇನು?"

"ಹೌದವ್ವಾ."

"ನೋಡು ಅಂತಷ್ಟೇ ಅನಲಿಲ್ಲ?"

"ಇಲ್ಲ. ಮುಟ್ಟು ಅಂದರು."

ಮಾರ್ತವ್ವ ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಆಮೇಲೆ ಅವನ ತೋಳು ಹಿಡಿದು ಎದ್ದಳು.

ಆಶ್ರಮದ ಬೇವಿನ ಮರದ ಕೆಳಗೆ ಅಯ್ಯನವರು ಕಾಯುತ್ತಿದ್ದರು. ಮಾರ್ತವ್ವ ತನ್ನ ಜಾಗದಲ್ಲಿ ಕೂತಳು. ಕೌದಿಯನ್ನು ತೊಡೆಯ ಮೇಲೆ ಹರಡಿ ಹಳದಿ ಲಂಗವನ್ನು ತಡಕಿದಳು.

"ಅಯ್ಯನವರ, ಆ ದಿನ ಲೋಕದ ಮಂದಿಯೆಲ್ಲ ನೆರೆದಿರತಾರ. ಅಷ್ಟು ಮಂದ್ಯಾಗ ನನ್ನ ಕೂಸನ್ನ ನಾ ಎಲ್ಲಿ ಅಂತ ಹುಡುಕಲಿ?"

ಅಯ್ಯನವರು ಸೂಜಿಯನ್ನು ಅವಳ ಬೆರಳಿಗೆ ಕೊಟ್ಟರು.

"ನೀ ಯಾಕ ಹುಡುಕತೀ, ಮಾರ್ತವ್ವಾ? ಸುಮ್ಮನೆ ಕೂತಿರು. ಆಕಿ ಹಿಂದಿನಿಂದ ಬರಾಕಿ ಅಲ್ಲೇನು?"