ಬಾಯಿ ಬಂದ ಕಾರು, ಬುದ್ಧಿ ಬಾರದ ಬೋರಲಿಂಗ

ಮಾರಮ್ಮನಾಣೆ, ಇದು ನಡೆದಿದ್ದು ಕಣ್ರಪ್ಪ. ಸುಳ್ಳಾದ್ರೆ ನನ್ ಮೀಸೆ ಬೋಳ್ಸಿ. ಮದ್ದೂರು ಕಡೆ ಕೆಂಪಾಜಮ್ಮ ಅಂತ ಒಬ್ಳು. ಎರಡು ಎಮ್ಮೆ, ಕತ್ತಿನ ಸರ, ಎಲ್ಲಾ ಮಾರಿ ಬಾಡಿಗೆಗೆ ಓಡ್ಸೋಕೆ ಒಂದು ಕಾರು ತಗೊಂಡ್ಳು. ಅವಳ ಅನ್ನ ಅಂದ್ರೆ ಆ ಕಾರೇಯ. ಓಡ್ಸೋನು ಮಗ ಬೋರಲಿಂಗ. ಸ್ಟೇರಿಂಗು ಹಿಡುದ್ರೆ ಗಟ್ಟಿಗ, ಕೆಳಗಿಳುದ್ರೆ ಪೆದ್ದ.

ಅಂತಿಂಥ ಕಾರಲ್ಲ ಅದು. ಎಲ್ಲಿ ನಿಂತೈತೆ, ಪೆಟ್ರೋಲ್ ಎಷ್ಟೈತೆ, ಎಲ್ಲಾ ಊರಿನ ವಾಟ್ಸಾಪ್ ಗ್ರೂಪಿಗೆ ತಾನೇ ಬರೆದು ಹಾಕ್ತಿತ್ತು.

“ಎಲ್ಲಿಗೆ ಹೋದ್ರೂ ಗ್ರೂಪಿಗೆ ಹಾಕು ಮಗ, ಬಾಡಿಗೆ ಬತ್ತದೆ” ಅಂದ್ಳು ಅವ್ವ.

ಮಾರನೇ ದಿನ ಚೌಡಪ್ಪನ ಮನೆಯೋರು ಗುಟ್ಟಾಗಿ ಹೆಣ್ಣು ನೋಡೋಕೆ ಹೊಂಟ್ರು. ಬೋರಲಿಂಗ ಹಾಕ್ದ: ಇಂಥಾ ಊರು, ಇಂಥೋರ ಮನೆ, ಹೆಣ್ಣು ಲಕ್ಷಣವಾಗವ್ಳೆ. ಇವರು ಉಪ್ಪಿಟ್ಟು ತಿಂದು ಕೈ ತೊಳೆಯೋದ್ರೊಳಗೆ ಬಾಗಿಲಲ್ಲಿ ಇನ್ನೂ ಮೂರು ಗಂಡುಗಳು ಬಂದು ನಿಂತವ್ರೆ.

“ಗಿರಾಕಿ ಗುಟ್ಟು ಹೊರಗೆ ಬಿಡ್ತಾರೇನ್ಲಾ ಮುಂಡೇದೆ? ನಿನ್ ಬಾಯೂ ಮುಚ್ಚು, ಕಾರಿನ ಬಾಯೂ ಮುಚ್ಸು” ಅಂತ ಬೈದ್ಳು ಅವ್ವ.

“ಆಗ್ಲಿ ಕಣವ್ವ.” ಮುಚ್ಸಿದ.

ಆಮೇಲೆ ಮದುವೆಗೆ ಜೋಯಿಸರನ್ನ ಕೂರಿಸ್ಕೊಂಡು ಹೊಂಟ. ಪೆಟ್ರೋಲ್ ಮುಗೀತು ಅಂತ ಕಾರು ಹೇಳ್ಬೇಕು ಅಂದ್ರೆ ಬಾಯೇ ಇಲ್ಲ. ನಡುದಾರೀಲಿ ನಿಂತ್ಕತು. “ಜೋಯಿಸ್ರು ಎಲ್ಲವ್ರೆ? ಮುಹೂರ್ತ ಮೀರ್ತದೆ” ಅಂತ ಮದುವೆ ಮನೆಯೋರು ಗ್ರೂಪಲ್ಲಿ ಬಡ್ಕೊಂಡ್ರು. ಇವನು ಓದ್ದ, ನಕ್ಕ, ಫೋನು ಜೇಬಿಗೆ ಇಟ್ಕೊಂಡ.

“ಹೇಳೋ ಮಾರಾಯ” ಅಂದ್ರು ಜೋಯಿಸರು.

“ಗಿರಾಕಿ ಗುಟ್ಟು ಸ್ವಾಮಿ, ಸಾಯ್ಸಿದ್ರೂ ಹೇಳಾಕಿಲ್ಲ.”

ಅವ್ವ ಹಣೆ ಚಚ್ಕೊಂಡ್ಳು. “ಬಾಯಿ ಬಿಚ್ಸೋ ಅದ್ರುದ್ದು. ಹೊಟ್ಟೆ ಖಾಲಿ ಅಂತ ಕಾರು ಅಂದ ಗಳಿಗೇಲೇ ಪೆಟ್ರೋಲ್ ತಕಂಡು ಓಡು. ಒಳಗೆ ಕೂತೋರಿಗೆ ಕೈ ಮುಗಿ. ಅವರು ಹೇಳ್ದಂಗೆ ಕೇಳು.”

“ಆಗ್ಲಿ ಕಣವ್ವ.”

ಒಂದಿನ ಟೀ ಅಂಗಡಿ ಮುಂದೆ ಕೀ ಬಿಟ್ಟು ಇಳ್ದಿದ್ದ. ಕಳ್ಳ ಕಾರು ಹೊಡ್ಕೊಂಡು ಹೋದ. ಕೆಂಪಾಜಮ್ಮ ಜಗಲಿ ಮೇಲೆ ಕುಸುದ್ಳು. ಅಷ್ಟ್ರಲ್ಲಿ ಗ್ರೂಪಲ್ಲಿ ಕಾರೇ ಬರೀತು: ಕಾಲುವೆ ಸೇತುವೆ ಹತ್ರ ನಿಂತಿವ್ನಿ, ಪೆಟ್ರೋಲ್ ಇಲ್ಲ.

“ಸಿಕ್ತು ಕಣ್ಲಾ ನಮ್ಮ ಅನ್ನ. ನಾನು ಪೊಲೀಸ್ನೋರನ್ನ ಕರ್ಕೊಬತ್ತೀನಿ, ನೀನು ಓಡು.”

ಓಡ್ದ. ಕ್ಯಾನಿನ ತುಂಬ ಪೆಟ್ರೋಲ್ ಹಿಡ್ಕೊಂಡೇ ಓಡ್ದ. ಕಳ್ಳನಿಗೆ ಕೈ ಮುಗ್ದು, “ಕಾರೇ ಗ್ರೂಪಿಗೆ ಬರ್ದು ಕರೀತು ಸ್ವಾಮಿ” ಅಂದ. ಕೊನೇ ತೊಟ್ಟಿನ ತನಕ ಬಸ್ದ.

ಕಳ್ಳ ಅಂದ, “ತಮ್ಮ, ಇದ್ರ ಬಾಯಿ ಮುಚ್ಚಾಕೆ ಬತ್ತದಾ?”

“ನಂಗಿಂತ ಚೆನ್ನಾಗಿ ಯಾರಿಗೆ ಬತ್ತದೆ ಸ್ವಾಮಿ?” ಮುಚ್ಚಿಕೊಟ್ಟ.

ಅವ್ವ ಪೊಲೀಸ್ನೋರ ಜೊತೆ ಏದುಸಿರು ಬಿಡ್ತಾ ಬಂದ್ಳು. “ಕಾರೆಲ್ಲೋ?”

“ಹೊಟ್ಟೆ ತುಂಬ್ತು, ಹೊಂಟೋಯ್ತು. ಒಳಗಿದ್ದೋರು ಭಾಳ ಒಳ್ಳೇರು ಕಣವ್ವ, ಟಾಟಾ ಮಾಡುದ್ರು.”

ಕಾರಿಗೆ ಮೂರು ಲಕ್ಷದ ಹನ್ನೆರಡು ಸಾವಿರ, ಪೆಟ್ರೋಲಿಗೆ ಐನೂರ ಹದಿನೈದು. ಕೂಡಿ ಹೋಗಿದ್ದು ಮೂರು ಲಕ್ಷದ ಹನ್ನೆರಡು ಸಾವಿರದ ಐನೂರ ಹದಿನೈದು ರೂಪಾಯಿ.