ಹದ ತಪ್ಪಿದ ಕುಡುಗೋಲು

“ಗುರುಗಳೇ, ಗೊತ್ತಿರುವುದನ್ನೆಲ್ಲ ಕಲಿಸಿಬಿಟ್ಟರೆ ಕಲಿತವರು ಮತ್ತೆ ನಮ್ಮ ಬಾಗಿಲಿಗೆ ಏಕೆ ಬರುತ್ತಾರೆ? ಸ್ವಲ್ಪ ಉಳಿಸಿಕೊಳ್ಳುವುದು ಒಳ್ಳೆಯದಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ವಿದ್ಯೆ ಮುಗಿಸಿ ತನ್ನ ಊರಿನಲ್ಲಿ ಪಾಠಶಾಲೆ ತೆರೆಯಲು ಅವನು ಹೊರಟು ನಿಂತಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಅವನ ಕುಡುಗೋಲು ಬಲು ಗಟ್ಟಿ. ಮದುವೆಯಲ್ಲಿ ಕೊಂಡವರು ಮೊಮ್ಮಕ್ಕಳ ಕಾಲಕ್ಕೂ ಅದರಲ್ಲೇ ಕೊಯ್ಯುತ್ತಿದ್ದರು. ಊರೆಲ್ಲ ಅವನನ್ನು ಹೊಗಳುತ್ತಿತ್ತು, ಆದರೆ ಅವನ ಕುಲುಮೆಗೆ ಯಾರೂ ಬರುತ್ತಿರಲಿಲ್ಲ. ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ ಎಂದು ಹೆಂಡತಿ ನಗುತ್ತಲೇ ಹೇಳುತ್ತಿದ್ದಳು.

ಬೆಟ್ಟದ ಕೆಳಗಿನ ಊರಿನಲ್ಲಿ ಅವಳ ತಮ್ಮನೂ ಕಮ್ಮಾರನೇ. ಅವನು ಬಂದಾಗ ಒಂದು ಉಪಾಯ ಹೇಳಿಕೊಟ್ಟ. ಕಾಯಿಸಿದ ಕಬ್ಬಿಣಕ್ಕೆ ಹದ ಕೊಡುವಾಗ ಸ್ವಲ್ಪ ಕೈ ಬಿಗಿಹಿಡಿದರೆ ಕುಡುಗೋಲು ಬೇಗ ಕೆಡುತ್ತದೆ, ಜನ ವರ್ಷವರ್ಷವೂ ಬರುತ್ತಾರೆ ಎಂದ. ಕಮ್ಮಾರನಿಗೆ ಮನಸ್ಸಿರಲಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋಗುವುದಕ್ಕಿಂತ ಇದೇ ವಾಸಿ ಎನ್ನಿಸಿತು. ಅಂಥದೊಂದು ಕುಡುಗೋಲು ಮಾಡಿ, ತನ್ನ ಊರಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಹೆಣ್ಣುಮಗಳಿಗೆ ಕೊಟ್ಟ.

ರಾಗಿ ಕೊಯ್ಲು ಬಂತು. ಮೋಡವೂ ಕವಿಯಿತು. ಅಕ್ಕಪಕ್ಕದವರು ಕೊಯ್ದು ಮುಗಿಸಿದರು. ಅವಳ ಕುಡುಗೋಲು ಮಾತ್ರ ಅರ್ಧ ಹೊಲದಲ್ಲೇ ಬಾಗಿತು. ಅವಳು ಅದನ್ನು ಹಿಡಿದು ಕುಲುಮೆಗೆ ಬಂದಳು. ಕಲ್ಲಿಗೆ ತಾಗಿಸಿರಬೇಕು ಎಂದು ಹೇಳಲು ಕಮ್ಮಾರ ಮಾತು ಸಿದ್ಧಮಾಡಿಕೊಂಡಿದ್ದ. ಅಷ್ಟರಲ್ಲಿ ಅವಳೇ ಅಂದಳು:

“ಅಣ್ಣಾ, ನಿಮ್ಮ ಕುಡುಗೋಲು ಕೆಡುವುದೇ ಇಲ್ಲವಂತೆ. ನನಗೇ ಹಿಡಿಯಲು ಬರುವುದಿಲ್ಲ. ಹೇಗೆ ಹಿಡಿಯಬೇಕೆಂದು ತೋರಿಸಿಕೊಡಿ.”

ಕಮ್ಮಾರ ಬಾಗಿದ ಕುಡುಗೋಲನ್ನು ಅವಳ ಕೈಯಿಂದ ತೆಗೆದುಕೊಂಡ. “ತಪ್ಪು ನಿನ್ನ ಕೈಯದಲ್ಲ ತಂಗಿ, ನನ್ನ ಕೈಯದು” ಎಂದ.

ಆಗಲೇ ಬೆಂಕಿ ಹೊತ್ತಿಸಿ, ತನಗೆ ಗೊತ್ತಿದ್ದ ಹದವನ್ನೆಲ್ಲ ಕೊಟ್ಟು ಅವಳಿಗೆ ಬೇರೆ ಕುಡುಗೋಲು ಮಾಡಿಕೊಟ್ಟ. ಅಷ್ಟಕ್ಕೆ ಸಮಾಧಾನವಾಗದೆ ಹೆಂಡತಿಯನ್ನೂ ಕರೆದುಕೊಂಡು ಅವಳ ಹೊಲಕ್ಕೆ ಇಳಿದ. ಮೂವರೂ ಸೇರಿ ಕೊಯ್ದರು. ಮಳೆ ಬೀಳುವ ಮೊದಲೇ ರಾಗಿ ಮನೆ ಸೇರಿತು.

ಕೊಯ್ಯುವಾಗ ಅವಳು ತವರಿನ ಮಾತು ತೆಗೆದಳು. ಅಲ್ಲಿ ಹೆಂಗಸರೆಲ್ಲ ಬಿದಿರಿನಿಂದ ಬುಟ್ಟಿ, ಮೊರ ಹೆಣೆಯುತ್ತಾರೆ. ಇಲ್ಲಿ ಬಿದಿರು ಬೇಕಾದಷ್ಟಿದೆ, ಅದನ್ನು ತೆಳ್ಳಗೆ ಸೀಳುವ ಕತ್ತಿ ಮಾತ್ರ ಇಲ್ಲ ಎಂದಳು. ಕಮ್ಮಾರನಿಗೆ ಬೇರೆ ಕೆಲಸವೂ ಇರಲಿಲ್ಲ. ಅವಳು ಹೇಳಿದ ಹಾಗೆ ಒಂದು ಕತ್ತಿ ಮಾಡಿಕೊಟ್ಟ. ಅವಳು ಹೆಣೆದ ಬುಟ್ಟಿ ನೋಡಿ ಅಕ್ಕಪಕ್ಕದ ಹೆಂಗಸರು ಕಲಿಯಲು ಬಂದರು. ಕಲಿತವರಿಗೆಲ್ಲ ಒಂದೊಂದು ಕತ್ತಿ ಬೇಕಾಯಿತು. ಬುಟ್ಟಿಗಳು ಪಕ್ಕದ ಬೆಟ್ಟಗಳಿಗೂ ಹೋದವು. ಅಲ್ಲಿನ ಜೇನು ಕೀಳುವವರು ಬುಟ್ಟಿ ಕೊಳ್ಳಲು ಬಂದು, ತಮಗೂ ಹಿಡಿ ಉದ್ದವಿರುವ ಕತ್ತಿ ಮಾಡಿಕೊಡುವಂತೆ ಕೇಳಿದರು. ಕುಲುಮೆಯ ಬೆಂಕಿ ಆರಲು ಬಿಡುವೇ ಸಿಗಲಿಲ್ಲ. ಆದರೂ ಅವನು ಮಾಡಿದ ಒಂದು ಕತ್ತಿಯೂ ಕೆಟ್ಟು ಹಿಂದಿರುಗಲಿಲ್ಲ.

ಮುಂದಿನ ಸಲ ಭಾವಮೈದುನ ಬಂದಾಗ ಕುಲುಮೆಯ ಮುಂದೆ ಜನ ಕಾದು ಕುಳಿತಿದ್ದರು. ತನ್ನ ಉಪಾಯ ಫಲಿಸಿತೆಂದು ಅವನು ಹಿಗ್ಗಿಹೋದ. ಕಮ್ಮಾರ ಬೆಂಕಿ ಊದುವ ತಿದಿ ಒತ್ತಲು ಅವನನ್ನು ಕೂರಿಸಿದ. ಪಾಪ, ಅವನು ಸಂಜೆಯವರೆಗೂ ಒತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ. ಆದರೆ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

“ಕಮ್ಮಾರನ ಅದೃಷ್ಟ ಚೆನ್ನಾಗಿತ್ತು, ಗುರುಗಳೇ. ಆ ಹೆಣ್ಣುಮಗಳಿಗೆ ಬಿದಿರಿನ ಕೆಲಸ ಗೊತ್ತಿರದಿದ್ದರೆ ಅವನಿಗೆ ಸಿಗುತ್ತಿದ್ದದ್ದಾದರೂ ಏನು?”

ಗುರುಗಳೆಂದರು: “ಆಗಲೂ ಅವಳ ರಾಗಿ ಮನೆ ಸೇರುತ್ತಿತ್ತು.”